ಬೀಗದ ಕೋಣೆಯ ಕಥೆಗಾರ: ಡಬ್ಲ್ಯು. ಟಿ. ಸ್ಟೆಡ್

ಮನುಷ್ಯರನ್ನು ಕೊಂಡು ಮಾರುವ ಹೇಯ ವ್ಯವಹಾರವನ್ನು ವಸ್ತುವಾಗಿರಿಸಿಕೊಂಡ ರೋಮಾಂಚಕ ಚಲಚ್ಚಿತ್ರಗಳನ್ನು ನಾಲ್ಕಾರು ನೋಡಿದವರಿಗೆ ಅವುಗಳ ನಡೆ ಚಿರಪರಿಚಿತ. ಒಬ್ಬ ಎಳೆಯ ಹುಡುಗಿ. ಅವಳನ್ನು ನಂಬಿಸಿ ಕರೆದೊಯ್ಯುವ ಒಬ್ಬ ಕಪಟಿ. ಬೀಗ ಹಾಕಿದ ಒಂದು ಕೋಣೆ. ಮರೆಯಲ್ಲಿ ನಿಂತು ಹಣ ಚೆಲ್ಲುವ ಶ್ರೀಮಂತ. ಇವರೆಲ್ಲರ ಬೆನ್ನು ಹತ್ತಿ ಪಾತಾಳಕ್ಕಿಳಿಯುವ ಒಬ್ಬ ಸಾಹಸಿ. ಕೊನೆಗೆ ಬಾಗಿಲು ಮುರಿಯುತ್ತದೆ, ಹುಡುಗಿ ಹೊರಬರುತ್ತಾಳೆ, ದೀಪಗಳು ಹತ್ತುತ್ತವೆ. ನಾವು ನಿಟ್ಟುಸಿರಿಟ್ಟು ಮನೆಗೆ ಮರಳುತ್ತೇವೆ.

ಈ ಕಥೆಯ ಹಂದರ ಚಲಚ್ಚಿತ್ರಕ್ಕಿಂತ ಹಳೆಯದು. ನಾಟಕಗಳಲ್ಲಿಯೂ ಅಗ್ಗದ ಕಾದಂಬರಿಗಳಲ್ಲಿಯೂ ಬಿಡಿಬಿಡಿಯಾಗಿ ಬಿದ್ದಿದ್ದ ಅದರ ತುಂಡುಗಳನ್ನು ಒಟ್ಟುಗೂಡಿಸಿ, ನಡೆದ ಸಂಗತಿಯೆಂಬ ಮುದ್ರೆಯೊತ್ತಿ, 1885ರ ಜುಲೈ ತಿಂಗಳಿನಲ್ಲಿ ಲೋಕದ ಮುಂದಿರಿಸಿದವನು ಲಂಡನ್ನಿನ ಒಬ್ಬ ಪತ್ರಿಕಾ ಸಂಪಾದಕ. ಅವನ ಹೆಸರು ವಿಲಿಯಂ ಥಾಮಸ್ ಸ್ಟೆಡ್. ಆ ಕಥೆಯಿಂದ ಒಂದು ದೇಶದ ಶಾಸನ ಬದಲಾಯಿತು. ಅದೇ ಕಥೆಯಿಂದ ಆತ ಸೆರೆಮನೆಗೂ ಹೋದ. ಆತನ ಜೀವನವನ್ನು ಬಲ್ಲವರಿಗೆ ಇಂದಿನ ಚಿತ್ರಗಳ ಶಕ್ತಿ ಯಾವುದು, ದೋಷ ಯಾವುದು ಎಂಬುದು ಒಟ್ಟಿಗೇ ತಿಳಿಯುತ್ತದೆ.

ಸ್ಟೆಡ್ ಹುಟ್ಟಿದ್ದು 1849ರ ಜುಲೈ 5ರಂದು, ಇಂಗ್ಲೆಂಡಿನ ಉತ್ತರದಂಚಿನ ನಾರ್ತಂಬರ್ಲೆಂಡಿನ ಎಂಬಲ್ಟನ್ ಎಂಬ ಹಳ್ಳಿಯಲ್ಲಿ. ತಂದೆ ರಾಜ್ಯಧರ್ಮಕ್ಕೆ ಸೇರದ ಕಾಂಗ್ರಿಗೇಷನಲ್ ಪಂಥದ ಪಾದ್ರಿ. ಐಶ್ವರ್ಯಕ್ಕಿಂತ ಪುಸ್ತಕವನ್ನೂ ಪ್ರಾರ್ಥನೆಯನ್ನೂ ದೊಡ್ಡದೆಂದು ಬಗೆದವನು. ಹುಡುಗನಿಗೆ ಮನೆಯೇ ಮೊದಲ ಪಾಠಶಾಲೆ, ತಂದೆಯೇ ಮೊದಲ ಗುರು. ವೇಕ್‌ಫೀಲ್ಡಿನ ಬಳಿಯ ಸಿಲ್‌ಕೋಟ್ಸ್ ಶಾಲೆಯಲ್ಲಿ ಎರಡು ವರ್ಷ ಓದಿದ್ದನ್ನು ಬಿಟ್ಟರೆ ಆತನಿಗೆ ಬೇರೆ ವಿದ್ಯಾಲಯದ ಋಣವಿಲ್ಲ. ಹದಿನಾಲ್ಕರ ಪ್ರಾಯಕ್ಕೇ ನ್ಯೂಕಾಸಲ್ ನಗರದ ವರ್ತಕನೊಬ್ಬನ ಕಚೇರಿಯಲ್ಲಿ ಗುಮಾಸ್ತಗಿರಿ ಕಲಿಯಲು ಸೇರಿದ. ಲೆಕ್ಕದ ಪುಸ್ತಕಗಳ ನಡುವೆ ಕುಳಿತವನ ಮನಸ್ಸು ಮಾತ್ರ ಪಾಪ ಪುಣ್ಯಗಳ ಲೆಕ್ಕದಲ್ಲಿ ಮುಳುಗಿತ್ತು. ಜಗತ್ತಿನಲ್ಲಿ ಅನ್ಯಾಯವಿದ್ದರೆ ಅದನ್ನು ಕಿತ್ತೊಗೆಯುವ ಹೊಣೆ ತನ್ನದೇ ಎಂಬ ನಂಬಿಕೆ ಆತನಿಗೆ ಎಳವೆಯಲ್ಲೇ ಮೈಗೂಡಿತು. ಕೊನೆಯವರೆಗೂ ಅದು ಆತನನ್ನು ಬಿಡಲಿಲ್ಲ.

ಡಾರ್ಲಿಂಗ್ಟನ್ ಊರಿನಲ್ಲಿ 1870ರಲ್ಲಿ ಹುಟ್ಟಿದ ನಾರ್ದರ್ನ್ ಎಕೋ ಎಂಬ ಅರ್ಧಪೆನ್ನಿಯ ದಿನಪತ್ರಿಕೆಗೆ ಸ್ಟೆಡ್ ಲೇಖನಗಳನ್ನು ಕಳುಹುತ್ತಿದ್ದ. ಮರುವರ್ಷವೇ, ಇಪ್ಪತ್ತೆರಡು ತುಂಬುವ ಹೊತ್ತಿಗೆ, ಆ ಪತ್ರಿಕೆಯ ಸಂಪಾದಕ ಪದವಿಯೇ ಆತನನ್ನು ಹುಡುಕಿಕೊಂಡು ಬಂತು. ಪತ್ರಿಕಾಲಯದ ಕೆಲಸದ ಅನುಭವ ಆತನಿಗಿರಲಿಲ್ಲ. ಆದರೆ ಡಾರ್ಲಿಂಗ್ಟನ್ ರೈಲುದಾರಿಗಳ ಸಂಧಿಸ್ಥಾನವೆಂಬುದನ್ನೂ, ಬೆಳಗಿನ ಗಾಡಿಗಳು ತನ್ನ ಮಾತನ್ನು ದೂರದೂರಕ್ಕೆ ಒಯ್ಯಬಲ್ಲವೆಂಬುದನ್ನೂ ಆತ ಕಂಡುಕೊಂಡ. 1876ರಲ್ಲಿ ತುರ್ಕಿ ಸೈನ್ಯ ಬಲ್ಗೇರಿಯದಲ್ಲಿ ನಡೆಸಿದ ಕೊಲೆಗಳನ್ನು ಖಂಡಿಸಿ ಆತ ಎಬ್ಬಿಸಿದ ಕೂಗು ಗ್ಲಾಡ್‌ಸ್ಟನ್ನನಂಥ ಮುತ್ಸದ್ದಿಯ ಗಮನವನ್ನೂ ಸೆಳೆಯಿತು. ಒಂದು ಸಣ್ಣ ಊರಿನ ಪತ್ರಿಕೆ ಸಾಮ್ರಾಜ್ಯದ ರಾಜಧಾನಿಯನ್ನು ಅಲುಗಿಸಬಹುದೆಂಬುದು ಆಗ ಆತನಿಗೆ ಮನವರಿಕೆಯಾಯಿತು.

1880ರಲ್ಲಿ ಸ್ಟೆಡ್ ಲಂಡನ್ನಿಗೆ ಬಂದು ಪಾಲ್ ಮಾಲ್ ಗೆಜೆಟ್ ಎಂಬ ಸಂಜೆಪತ್ರಿಕೆಯಲ್ಲಿ ಜಾನ್ ಮಾರ್ಲೆಯ ಸಹಾಯಕನಾದ. 1883ರಲ್ಲಿ ಆತನೇ ಸಂಪಾದಕನಾದ. ಅಂದಿನ ಆಂಗ್ಲ ಪತ್ರಿಕೆಗಳು ಕಲ್ಲುಗೋಡೆಯಂತೆ ಒತ್ತೊತ್ತಾಗಿ ಅಚ್ಚಾಗುತ್ತಿದ್ದುವು. ಸ್ಟೆಡ್ ಅಲ್ಲಿ ಕಿಟಕಿಗಳನ್ನು ತೆರೆದ. ಲೇಖನಗಳ ನಡುವೆ ಕಣ್ಣು ಹಿಡಿಯುವ ಉಪಶೀರ್ಷಿಕೆಗಳು ಬಂದುವು; ಚಿತ್ರಗಳು ಬಂದುವು; ಪ್ರಸಿದ್ಧರನ್ನು ಕಂಡು ಮಾತನಾಡಿಸಿ ಬರೆಯುವ ಸಂದರ್ಶನಗಳು ಬಂದುವು. 1884ರ ಆರಂಭದಲ್ಲಿ ಜನರಲ್ ಗಾರ್ಡನ್ನನನ್ನು ಸಂದರ್ಶಿಸಿ ಬರೆದುದು ಸರ್ಕಾರದ ಸೂಡಾನ್ ನೀತಿಯ ಮೇಲೆಯೇ ಪರಿಣಾಮ ಬೀರಿತು. ಪತ್ರಿಕೆಯೆಂದರೆ ಸುದ್ದಿಯ ಪೆಟ್ಟಿಗೆಯಲ್ಲ, ಆಳುವವರನ್ನು ಆಳುವ ದಂಡ ಎಂಬುದು ಆತನ ಸಿದ್ಧಾಂತ. ಅದರಲ್ಲಿ ಎಷ್ಟು ಆದರ್ಶವಿತ್ತೋ ಅಷ್ಟೇ ಅಹಂಕಾರವೂ ಇತ್ತು.

ಇನ್ನು ಆತನ ಹೆಸರಿಗೆ ಶಾಶ್ವತವಾಗಿ ಅಂಟಿಕೊಂಡ ಪ್ರಕರಣಕ್ಕೆ ಬರೋಣ. ಅಂದಿನ ಇಂಗ್ಲೆಂಡಿನಲ್ಲಿ ಹೆಣ್ಣುಮಕ್ಕಳಿಗೆ ಶಾಸನ ಕೊಡುತ್ತಿದ್ದ ರಕ್ಷಣೆ ಹದಿಮೂರನೆಯ ವರ್ಷಕ್ಕೇ ಮುಗಿಯುತ್ತಿತ್ತು. ಅದೂ 1875ರಲ್ಲಿ ಬಂದದ್ದು. ಅದಕ್ಕೂ ಮೊದಲು ಆ ಗಡಿ ಹನ್ನೆರಡು. ಇಂಗ್ಲಿಷ್ ಹುಡುಗಿಯರನ್ನು ಬೆಲ್ಜಿಯಂ ದೇಶದ ಬ್ರಸೆಲ್ಸಿನ ವೇಶ್ಯಾಗೃಹಗಳಿಗೆ ಸಾಗಿಸಲಾಗುತ್ತಿದೆಯೆಂಬ ಸಂಗತಿ 1880ರ ಸುಮಾರಿಗೆ ಬಯಲಾಗಿ, ಪ್ರಭುಗಳ ಸಭೆಯ ಸಮಿತಿಯೊಂದು ವಿಚಾರಣೆಯನ್ನೂ ನಡೆಸಿತ್ತು. ಜೋಸೆಫಿನ್ ಬಟ್ಲರ್ ಎಂಬ ಧೀರ ಮಹಿಳೆ ವೇಶ್ಯೆಯರನ್ನು ಬಲವಂತದ ವೈದ್ಯಪರೀಕ್ಷೆಗೆ ಗುರಿಮಾಡುತ್ತಿದ್ದ ಕಾಯಿದೆಗಳ ವಿರುದ್ಧ ವರ್ಷಗಟ್ಟಲೆ ಹೋರಾಡಿದ್ದಳು; ಅದೇ ಬಗೆಯ ಕಾಯಿದೆಯನ್ನು ಬ್ರಿಟಿಷರು 1868ರಲ್ಲಿ ನಮ್ಮ ದೇಶದಲ್ಲಿಯೂ ಜಾರಿಗೆ ತಂದಿದ್ದರು. ಹುಡುಗಿಯರ ರಕ್ಷಣೆಯ ವಯಸ್ಸನ್ನೇರಿಸುವ ಮಸೂದೆಗೆ ಪ್ರಭುಗಳ ಸಭೆ ಒಪ್ಪಿಗೆಯಿತ್ತರೂ ಕೆಳಮನೆಯಲ್ಲಿ ಅದು ಮತ್ತೆ ಮತ್ತೆ ಸೊರಗುತ್ತಿತ್ತು. 1885ರ ಮೇ ತಿಂಗಳಿನಲ್ಲಿ ಚರ್ಚೆಯ ನೆವದಿಂದ ಕಾಲ ಕಳೆದು ಅದನ್ನು ಮತ್ತೊಮ್ಮೆ ಮುಳುಗಿಸಿದರು.

ಲಂಡನ್ ನಗರಸಭೆಯ ಕೋಶಾಧಿಕಾರಿಯಾಗಿದ್ದ ಬೆಂಜಮಿನ್ ಸ್ಕಾಟ್ ಎಂಬ ವೃದ್ಧ ಸ್ಟೆಡ್ಡನ ಬಳಿಗೆ ಬಂದು ಮಸೂದೆಗೆ ಜೀವ ಕೊಡಬೇಕೆಂದು ಬೇಡಿದ. ಸ್ಟೆಡ್ ಗುಪ್ತ ಮಂಡಳಿಯೊಂದನ್ನು ಕಟ್ಟಿ ಹಲವು ವಾರಗಳ ಕಾಲ ಲಂಡನ್ನಿನ ಕತ್ತಲೆಯ ಕೇರಿಗಳಲ್ಲಿ ಅಲೆದ. ಪೊಲೀಸರನ್ನೂ ಸೆರೆಮನೆಯ ಪಾದ್ರಿಗಳನ್ನೂ ತಲೆಹಿಡುಕರನ್ನೂ ಮಾತನಾಡಿಸಿದ. ಸಂಗತಿಗಳು ಬೇಕಾದಷ್ಟು ದೊರೆತುವು. ಆದರೆ ಸಂಗತಿಗಳು ಹಿಂದೆಯೂ ಇದ್ದುವಲ್ಲ! ಪ್ರಭುಗಳ ಸಮಿತಿಯ ವರದಿಯಲ್ಲಿ ಪುಟಗಟ್ಟಲೆ ಇದ್ದುವು. ಅವನ್ನು ಓದಿ ಯಾರ ನಿದ್ರೆಯೂ ಕೆಟ್ಟಿರಲಿಲ್ಲ. ಓದುಗನ ಎದೆಯನ್ನು ಹಿಡಿದು ಅಲ್ಲಾಡಿಸಲು ಒಬ್ಬ ಹುಡುಗಿ ಬೇಕೆಂದು ಆತನಿಗೆ ತೋರಿತು. ಒಬ್ಬ ಹುಡುಗಿಯನ್ನು ತಾನೇ ಕೊಂಡು, ಕೊಳ್ಳುವುದು ಎಷ್ಟು ಸುಲಭವೆಂಬುದನ್ನು ತೋರಿಸಿಬಿಡುವುದೆಂದು ನಿಶ್ಚಯಿಸಿದ. ತನ್ನ ಉದ್ದೇಶವನ್ನು ಕ್ಯಾಂಟರ್ಬರಿಯ ಆರ್ಚ್‌ಬಿಷಪ್ಪನಂಥ ಧರ್ಮಾಧಿಕಾರಿಗಳಿಗೆ ಮೊದಲೇ ತಿಳಿಸಿದ್ದ.

ಈ ಕೆಲಸಕ್ಕೆ ಆತ ಆರಿಸಿಕೊಂಡದ್ದು ರೆಬೆಕಾ ಜಾರೆಟ್ ಎಂಬ ಹೆಂಗಸನ್ನು. ಹಿಂದೆ ಅದೇ ಕಸುಬಿನಲ್ಲಿದ್ದು, ಸಾಲ್ವೇಷನ್ ಆರ್ಮಿಯವರ ಮತ್ತು ಬಟ್ಲರ್ ಅಮ್ಮನ ಆಶ್ರಯದಲ್ಲಿ ಹೊಸ ಬಾಳು ತೊಡಗಿದ್ದ ಆಕೆಗೆ ಮರಳಿ ಆ ಕೆಸರಿಗಿಳಿಯಲು ಮನಸ್ಸಿರಲಿಲ್ಲ. ಮಾಡಿದ ಪಾಪಕ್ಕೆ ಇದೇ ಪ್ರಾಯಶ್ಚಿತ್ತವೆಂದು ಸ್ಟೆಡ್ ಆಕೆಯನ್ನು ಒಪ್ಪಿಸಿದ. ಜೂನ್ ತಿಂಗಳ ಆರಂಭದಲ್ಲಿ, ಲಂಡನ್ನಿನ ಲಿಸನ್ ಗ್ರೋವ್ ಬಡಾವಣೆಯಲ್ಲಿ, ಹೊಗೆಗೂಡು ಗುಡಿಸುವವನೊಬ್ಬನ ಮಗಳಾದ ಹದಿಮೂರು ವರ್ಷದ ಎಲೈಜಾ ಆರ್ಮ್‌ಸ್ಟ್ರಾಂಗ್ ಎಂಬ ಹುಡುಗಿಯನ್ನು ಐದು ಪೌಂಡಿನ ಮಾತಿನ ಮೇಲೆ ಜಾರೆಟ್ ಕರೆತಂದಳು. ನಡುವೆ ನಿಂತವಳು ನೆರೆಮನೆಯ ಹೆಂಗಸು. ಹುಡುಗಿ ಮನೆಗೆಲಸಕ್ಕೆ ಹೋಗುತ್ತಿದ್ದಾಳೆಂದೇ ತಾನು ತಿಳಿದಿದ್ದೆನೆಂದು ತಾಯಿ ಆಮೇಲೆ ಹೇಳಿದಳು. ಹುಡುಗಿಯಂತೂ ಹಾಗೆಯೇ ನಂಬಿ, ಹೊಸ ಬಟ್ಟೆ ತೊಟ್ಟು ಹೊರಟಳು.

ಮುಂದಿನದನ್ನು ಹೇಳಲು ಲೇಖನಿ ಹಿಂಜರಿಯುತ್ತದೆ. ಆ ಮಗುವನ್ನು ಸೂಲಗಿತ್ತಿಯೊಬ್ಬಳ ಬಳಿಗೊಯ್ದು ಪರೀಕ್ಷೆ ಮಾಡಿಸಿದರು. ಬಳಿಕ ಒಂದು ಕೆಟ್ಟ ಮನೆಯ ಕೋಣೆಯಲ್ಲಿ ಮಲಗಿಸಿ, ಮತ್ತು ಬರಿಸುವ ಔಷಧವನ್ನು ಮೂಸಿಸಿದರು. ಕೊಂಡವನ ಪಾತ್ರವನ್ನು ವಹಿಸಿದ್ದ ಸ್ಟೆಡ್ ಆ ಕೋಣೆಯನ್ನು ಹೊಕ್ಕ. ಹುಡುಗಿ ಎಚ್ಚೆತ್ತು ಬೆದರಿ ಕೂಗಿಕೊಂಡಳು. ಆತ ಹೊರಗೆ ಬಂದ. ಅವಳಿಗೆ ಬೇರೆ ಕೇಡೇನೂ ಆಗಲಿಲ್ಲವೆಂಬುದಕ್ಕೆ ಪ್ರಮಾಣವಾಗಿ ಅದೇ ರಾತ್ರಿ ವೈದ್ಯನೊಬ್ಬನಿಂದ ಎರಡನೆಯ ಪರೀಕ್ಷೆಯನ್ನು ಮಾಡಿಸಿ, ಅವಳನ್ನು ಸಾಲ್ವೇಷನ್ ಆರ್ಮಿಯವರ ವಶದಲ್ಲಿ ಫ್ರಾನ್ಸಿಗೆ ಕಳುಹಿಸಿದರು. ಇಷ್ಟೂ ನಡೆದದ್ದು ಅವಳಂಥ ಹುಡುಗಿಯರನ್ನು ಉಳಿಸುವುದಕ್ಕಾಗಿ. ಈ ಹುಡುಗಿಯ ಅಪ್ಪಣೆಯನ್ನು ಮಾತ್ರ ಯಾರೂ ಕೇಳಲಿಲ್ಲ.

ಜುಲೈ 6ರಿಂದ ಪಾಲ್ ಮಾಲ್ ಗೆಜೆಟಿನಲ್ಲಿ ಲೇಖನಮಾಲೆ ಹೊರಟಿತು. ಅಥೆನ್ಸ್ ನಗರ ಕ್ರೀಟ್ ದ್ವೀಪದ ವೃಷಭರಾಕ್ಷಸನಿಗೆ ಕನ್ಯೆಯರನ್ನು ಬಲಿ ಕಳುಹುತ್ತಿದ್ದ ಗ್ರೀಕ್ ಪುರಾಣವನ್ನು ಲಂಡನ್ನಿಗೆ ಅನ್ವಯಿಸಿ ಸ್ಟೆಡ್ ಬರೆದ. ಎಲೈಜಾಳಿಗೆ ಲಿಲಿ ಎಂಬ ಹೆಸರಿಟ್ಟು ಅವಳ ಕಥೆಯನ್ನು ಮೊದಲ ದಿನವೇ ಹೇಳಿದ. ಕೋಣೆಯ ಬಾಗಿಲು ಮುಚ್ಚಿತು, ಹುಡುಗಿ ಚೀರಿದಳು, ಮತ್ತೆ ಎಲ್ಲವೂ ನಿಶ್ಶಬ್ದವಾಯಿತು ಎಂಬಲ್ಲಿಗೆ ಆ ಕಥೆಯನ್ನು ನಿಲ್ಲಿಸಿಬಿಟ್ಟ. ಒಳಹೊಕ್ಕವನು ತಾನೇ ಎಂದಾಗಲಿ, ಹುಡುಗಿ ಸುರಕ್ಷಿತಳೆಂದಾಗಲಿ ಹೇಳಲಿಲ್ಲ. ಓದುಗನ ಕಲ್ಪನೆ ತಾನಾಗಿಯೇ ಕೆಲಸ ಮಾಡಲೆಂದು ಬಿಟ್ಟ. ರೋಮಾಂಚಕ ಚಿತ್ರಗಳ ಸಂಕಲನಕಾರರು ಇಂದಿಗೂ ಮಾಡುವುದು ಇದನ್ನೇ. 1904ರವರೆಗೆ ಲಂಡನ್ನಿನ ಯಾವ ನಾಟಕಶಾಲೆಯ ಹೊಸ್ತಿಲನ್ನೂ ತುಳಿಯದಿದ್ದ ಈ ಮಡಿವಂತ, ನಾಟಕಕಾರರೆಲ್ಲ ಅಸೂಯೆ ಪಡುವಂಥ ದೃಶ್ಯವನ್ನು ಕಟ್ಟಿದ್ದನು.

ಲಂಡನ್ ಹುಚ್ಚೆದ್ದಿತು. ಪ್ರಮುಖ ಮಾರಾಟಗಾರರಾದ ಡಬ್ಲ್ಯು. ಎಚ್. ಸ್ಮಿತ್ ಸಂಸ್ಥೆಯವರು ಪತ್ರಿಕೆಯನ್ನು ಮಾರಲಾರೆವೆಂದರು. ಬೀದಿಯ ಹುಡುಗರೂ ಸಾಲ್ವೇಷನ್ ಆರ್ಮಿಯವರೂ ಮಾರಿದರು. ತಾನೂ ಬೀದಿಯಲ್ಲಿ ನಿಂತು ಮಾರಲು ಸಿದ್ಧನೆಂದು ಮುಂದೆ ಬಂದವರಲ್ಲಿ ಆಗಿನ್ನೂ ಹೆಸರಾಗದ ಬರ್ನಾರ್ಡ್ ಷಾ ಒಬ್ಬ. ಸುಮಾರು ನಾಲ್ಕು ಲಕ್ಷ ಸಹಿಗಳ ಮನವಿಯ ಸುರುಳಿ ಪಾರ್ಲಿಮೆಂಟಿನ ಬಾಗಿಲಿಗೆ ಬಂತು. ಆರ್ಚ್‌ಬಿಷಪ್ಪನೂ ಕಾರ್ಡಿನಲ್ ಮ್ಯಾನಿಂಗನೂ ಇದ್ದ ಸಮಿತಿಯೊಂದು ಲೇಖನಗಳು ಬಹುಮಟ್ಟಿಗೆ ಸತ್ಯವೆಂದು ಸಾರಿತು. ವರ್ಷಗಟ್ಟಲೆ ಕುಂಟಿದ್ದ ಮಸೂದೆ ಆಗಸ್ಟ್ 14ರಂದು ಶಾಸನವಾಯಿತು. ಸಮ್ಮತಿಯ ವಯಸ್ಸು ಹದಿಮೂರರಿಂದ ಹದಿನಾರಕ್ಕೇರಿತು. ಒಂದು ಕಥೆಯ ಬಲದಿಂದ ಇಷ್ಟಾಯಿತೆಂಬುದನ್ನು ಅಲ್ಲಗಳೆಯುವಂತಿಲ್ಲ. ಆದರೆ ಉದ್ವೇಗದಲ್ಲಿ ರೂಪುಗೊಂಡ ಆ ಶಾಸನದೊಳಗೆ ಪುರುಷರ ಸಲಿಂಗ ಸಂಬಂಧವನ್ನು ದಂಡಿಸುವ ಒಂದು ವಿಧಿಯೂ ನುಸುಳಿತ್ತು. ಹತ್ತು ವರ್ಷಗಳ ಮೇಲೆ ಆಸ್ಕರ್ ವೈಲ್ಡನನ್ನು ಸೆರೆಮನೆಗೆ ತಳ್ಳಿದ್ದು ಆ ವಿಧಿಯೇ.

ಅತ್ತ ಲಿಸನ್ ಗ್ರೋವಿನಲ್ಲಿ ಎಲೈಜಾಳ ತಾಯಿ ಮಗಳನ್ನು ಹುಡುಕುತ್ತಿದ್ದಳು. ಪತ್ರಿಕೆಯ ಲಿಲಿ ತನ್ನ ಮಗಳೇ ಇರಬಹುದೆಂಬ ಶಂಕೆ ಹುಟ್ಟಿ ಆಕೆ ನ್ಯಾಯಾಧಿಕಾರಿಯ ಮೊರೆಹೊಕ್ಕಳು. ಸ್ಪರ್ಧಿ ಪತ್ರಿಕೆಯೊಂದು ಆಕೆಯ ಗೋಳನ್ನು ಎತ್ತಿಕೊಂಡಿತು. ಆಗಸ್ಟಿನಲ್ಲಿ ಮಗಳು ತಾಯಿಯ ಮಡಿಲಿಗೆ ಮರಳಿದಳು. ಸ್ಟೆಡ್ ಮತ್ತು ಸಂಗಡಿಗರ ಮೇಲೆ ಹುಡುಗಿಯನ್ನು ಅಪಹರಿಸಿದ ಆರೋಪ ಬಂತು. ಅಕ್ಟೋಬರಿನಲ್ಲಿ ಓಲ್ಡ್ ಬೇಲಿ ನ್ಯಾಯಾಲಯದಲ್ಲಿ ವಿಚಾರಣೆ ತೊಡಗಿತು. ಸ್ಟೆಡ್ ತನ್ನ ಪರ ತಾನೇ ವಾದಿಸಿದ. ತಂದೆಯ ಒಪ್ಪಿಗೆಯನ್ನು ಪಡೆದಿರಲಿಲ್ಲವೆಂಬ ಒಂದೇ ಅಂಶ ಆತನನ್ನು ಕೆಡವಿತು. ಜಾರೆಟ್ ತನ್ನ ಹಳೆಯ ಒಡನಾಡಿಗಳ ಹೆಸರುಗಳನ್ನು ಬಿಟ್ಟುಕೊಡಲೊಪ್ಪದೆ ಸಾಕ್ಷಿಕಟ್ಟೆಯಲ್ಲಿ ತಡವರಿಸಿದಳು. ಹದಿಮೂರರ ಎಲೈಜಾ ತುಂಬಿದ ಸಭೆಯ ಮುಂದೆ ನಿಂತು ಆ ರಾತ್ರಿಯನ್ನು ಮತ್ತೆ ಹೇಳಬೇಕಾಯಿತು.

ನವೆಂಬರ್ 10ರಂದು ತೀರ್ಪು ಬಂತು. ಸ್ಟೆಡ್ಡನಿಗೆ ಮೂರು ತಿಂಗಳು. ಜಾರೆಟ್ಟಳಿಗೆ ಆರು ತಿಂಗಳು. ಸೂಲಗಿತ್ತಿಗೆ ಕಠಿಣ ದುಡಿಮೆಯೊಡನೆ ಆರು ತಿಂಗಳು. ಯೋಜನೆ ಹೂಡಿದವನಿಗೆ ಕಡಮೆ, ಆತನ ಮಾತಿಗೆ ಕಟ್ಟುಬಿದ್ದವಳಿಗೆ ಹೆಚ್ಚು. ಮೊದಲ ಕೆಲವು ದಿನಗಳ ಮೇಲೆ ಸ್ಟೆಡ್ಡನನ್ನು ಹಾಲೊವೇ ಸೆರೆಮನೆಯಲ್ಲಿ ಗೌರವಾನ್ವಿತ ಕೈದಿಯಾಗಿ ಇರಿಸಿದರು. ಅಲ್ಲಿಂದಲೇ ಆತ ಪತ್ರಿಕೆಗೆ ಬರೆಯುತ್ತಿದ್ದ. ಸೂಲಗಿತ್ತಿ ಸೆರೆಮನೆಯಲ್ಲಿಯೇ ಸತ್ತಳು. ಬಿಡುಗಡೆಯಾದ ಮೇಲೆ ಪ್ರತಿವರ್ಷ ನವೆಂಬರ್ 10ರಂದು ಸ್ಟೆಡ್ ತನ್ನ ಕೈದಿಯ ಉಡುಪನ್ನು ತೊಟ್ಟು ಹೆಮ್ಮೆಯಿಂದ ಓಡಾಡುತ್ತಿದ್ದ. ಆ ಹೆಮ್ಮೆಗೆ ಕಾರಣವಿತ್ತು. ಆದರೆ ಆ ವರ್ಷದ ನೆನಪನ್ನು ಹೀಗೆ ಉಡುಪಾಗಿ ತೊಟ್ಟು ಮೆರೆಯುವ ಭಾಗ್ಯ ಅದರಲ್ಲಿ ಸಿಕ್ಕಿಕೊಂಡ ಹೆಣ್ಣುಗಳಲ್ಲಿ ಒಬ್ಬಳಿಗೂ ಇರಲಿಲ್ಲ.

ಆತನ ಮುಂದಿನ ಬಾಳನ್ನು ಸಂಕ್ಷೇಪವಾಗಿ ಹೇಳಬಹುದು. 1890ರಲ್ಲಿ ರಿವ್ಯೂ ಆಫ್ ರಿವ್ಯೂಸ್ ಎಂಬ ಮಾಸಪತ್ರಿಕೆಯನ್ನು ಸ್ಥಾಪಿಸಿದ. ಷಿಕಾಗೋ ನಗರದ ಪಾಪಗಳನ್ನು ಬಯಲಿಗೆಳೆಯುವ ಗ್ರಂಥವನ್ನು 1894ರಲ್ಲಿ ಪ್ರಕಟಿಸಿದ. ಪ್ರೇತಲೋಕದೊಡನೆ ಮಾತನಾಡಬಹುದೆಂಬ ನಂಬಿಕೆಗೆ ಮನಸೋತು ನಗೆಪಾಟಲಿಗೂ ಈಡಾದ. ಬೋಯರ್ ಯುದ್ಧವನ್ನು ವಿರೋಧಿಸಿ ದೇಶಬಾಂಧವರ ದ್ವೇಷವನ್ನು ಕಟ್ಟಿಕೊಂಡ. ಲೋಕಶಾಂತಿಗಾಗಿ ದೇಶದೇಶ ತಿರುಗಿದ. ನ್ಯೂಯಾರ್ಕಿನ ಸಮ್ಮೇಳನವೊಂದರಲ್ಲಿ ಶಾಂತಿಯನ್ನು ಕುರಿತು ಮಾತನಾಡಲು ಹೊರಟ ಆತ ಹತ್ತಿದ ಹಡಗು ಟೈಟಾನಿಕ್. 1912ರ ಏಪ್ರಿಲ್ 15ರಂದು ಆತ ಅದರೊಡನೆ ಮುಳುಗಿದ, ದೇಹ ದೊರೆಯಲಿಲ್ಲ. ಸಾಕಷ್ಟು ರಕ್ಷಾದೋಣಿಗಳಿಲ್ಲದ ಹಡಗೊಂದು ಅಟ್ಲಾಂಟಿಕ್ಕಿನಲ್ಲಿ ಮುಳುಗುವ ಕಥೆಯನ್ನು 1886ರಲ್ಲಿ ತನ್ನ ಪತ್ರಿಕೆಯಲ್ಲಿಯೇ ಪ್ರಕಟಿಸಿದ್ದವನು ಆತ.

ಆತ ಸತ್ತ ಮರುವರ್ಷವೇ ಅಮೆರಿಕದಲ್ಲಿ ಟ್ರಾಫಿಕ್ ಇನ್ ಸೋಲ್ಸ್ ಎಂಬ ಮೂಕಚಿತ್ರ ತೆರೆಗೆ ಬಂತು. ನಿರ್ದೇಶಕ ಜಾರ್ಜ್ ಲೋನ್ ಟಕರ್. ಮಿಠಾಯಿ ಅಂಗಡಿಯಲ್ಲಿ ದುಡಿಯುವ ಇಬ್ಬರು ಅಕ್ಕತಂಗಿಯರಲ್ಲಿ ತಂಗಿಯನ್ನು ದುಷ್ಟರು ಅಪಹರಿಸುತ್ತಾರೆ. ಅಕ್ಕನೂ ಅವಳನ್ನು ವರಿಸಲಿರುವ ಪೊಲೀಸನೂ ಸೇರಿ ಪಾರುಮಾಡುತ್ತಾರೆ. ಜಾಲದ ಒಡೆಯನಾದರೋ ಊರಿನೆದುರು ಸಮಾಜಸುಧಾರಕನೆಂದು ಮೆರೆಯುವ ಶ್ರೀಮಂತ. ನ್ಯೂಯಾರ್ಕಿನ ಜನ ಕಿಕ್ಕಿರಿದು ನೋಡಿದರು. ಸ್ಟೆಡ್ ಕಟ್ಟಿದ್ದ ಹಂದರ ಹೀಗೆ ಕಾಗದದಿಂದ ತೆರೆಗೆ ದಾಟಿತು. 2008ರ ಟೇಕನ್ ಚಿತ್ರದಲ್ಲಿ ಪ್ಯಾರಿಸಿನಲ್ಲಿ ಕಳೆದುಹೋದ ಮಗಳನ್ನು ಹುಡುಕುವ ತಂದೆಯೇ ಕಥಾನಾಯಕ. ಅವನ ದಾರಿಯಲ್ಲಿ ಸಿಗುವ ಬೇರೆ ಹುಡುಗಿಯರು ಬಹುಮಟ್ಟಿಗೆ ಅವನ ಮಗಳ ಸುಳಿವುಗಳಾಗಿ ಬಂದು ಮರೆಯಾಗುತ್ತಾರೆ. 2014ರ ಹಿಂದಿ ಚಿತ್ರ ಮರ್ದಾನಿಯಲ್ಲಿ ಆ ಸಾಹಸಿಯ ಸ್ಥಾನಕ್ಕೆ ಪೊಲೀಸ್ ಅಧಿಕಾರಿಣಿಯೊಬ್ಬಳು ಬಂದಿದ್ದಾಳೆ. ಅಲ್ಲಿ ಸೆರೆಯಾದ ಹುಡುಗಿಯರೇ ಕೊನೆಗೆ ಕೈಯೆತ್ತುತ್ತಾರೆಂಬುದು ಒಂದು ಹೆಜ್ಜೆ ಮುಂದೆ. ಆದರೂ ಹಂದರ ಅದೇ.

ಈ ಹಂದರದ ದೋಷ ಎಲ್ಲಿದೆಯೆಂಬುದನ್ನು ಎಲೈಜಾಳ ಪ್ರಕರಣವೇ ತೋರಿಸುತ್ತದೆ. ಅದರಲ್ಲಿ ಬೀಗದ ಕೋಣೆ ಇತ್ತು, ಮತ್ತಿನ ಔಷಧವಿತ್ತು, ಕಾದು ಕುಳಿತ ಗಿರಾಕಿಯಿದ್ದ. ಇವೆಲ್ಲವನ್ನೂ ಏರ್ಪಡಿಸಿದವನು ಸ್ಟೆಡ್. ಆತ ಏರ್ಪಡಿಸದೆಯೇ ಅಲ್ಲಿದ್ದದ್ದು ಯಾವುದು? ಬಡತನದ ಒಂದು ಬೀದಿ; ನಂಬಿಕೆಯ ನೆರೆಯವಳು; ದೂರದ ಮನೆಯಲ್ಲಿ ಒಳ್ಳೆಯ ಕೆಲಸವಿದೆಯೆಂಬ ಮಾತು; ಒಂದು ಜೊತೆ ಹೊಸ ಬಟ್ಟೆ; ಐದು ಪೌಂಡು. ಮಾನವ ಕಳ್ಳಸಾಗಣೆ ಇಂದಿಗೂ ಬಹುಮಟ್ಟಿಗೆ ನಡೆಯುವುದು ಈ ಸಾಮಾನ್ಯ ದಾರಿಯಲ್ಲಿಯೇ. ಪರಿಚಿತರು ಬರುತ್ತಾರೆ, ಕೆಲಸದ ಆಸೆ ತೋರಿಸುತ್ತಾರೆ, ಮುಂಗಡ ಕೊಟ್ಟು ಸಾಲದಲ್ಲಿ ಕಟ್ಟುತ್ತಾರೆ. ಹೋಗುವ ಜಾಗ ವೇಶ್ಯಾಗೃಹವೇ ಆಗಬೇಕೆಂದಿಲ್ಲ. ಇಟ್ಟಿಗೆಯ ಗೂಡಾಗಬಹುದು, ಕಾರ್ಖಾನೆಯಾಗಬಹುದು, ಶ್ರೀಮಂತರ ಅಡುಗೆಮನೆಯಾಗಬಹುದು. ವಿಶ್ವಸಂಸ್ಥೆ 2000ದಲ್ಲಿ ಅಂಗೀಕರಿಸಿದ ಪಲೆರ್ಮೊ ಒಡಂಬಡಿಕೆ, ದುಡಿಮೆಯ ಶೋಷಣೆಯನ್ನೂ ಕಳ್ಳಸಾಗಣೆಯ ಲಕ್ಷಣದೊಳಗೆ ಸೇರಿಸಿ, ಹದಿನೆಂಟು ತುಂಬದವರ ವಿಷಯದಲ್ಲಿ ಬಲಾತ್ಕಾರವನ್ನಾಗಲಿ ವಂಚನೆಯನ್ನಾಗಲಿ ಸಾಧಿಸಿ ತೋರಿಸಬೇಕಾಗಿಲ್ಲವೆಂದು ವಿಧಿಸಿದ್ದು ಈ ಅನುಭವದಿಂದಲೇ. ಬೀಗದ ಕೋಣೆಯನ್ನೇ ಹುಡುಕಲು ಕಲಿತ ಕಣ್ಣಿಗೆ ಎದುರು ಮನೆಯಲ್ಲಿ ಪಾತ್ರೆ ತಿಕ್ಕುವ ಮಗು ಕಾಣುವುದಿಲ್ಲ.

ಬೇರೆ ದಾರಿ ಹಿಡಿದ ಚಿತ್ರಗಳಿಲ್ಲವೆಂದಲ್ಲ. 2002ರಲ್ಲಿ ಸ್ವೀಡನ್ನಿನ ಲೂಕಸ್ ಮೂಡಿಸನ್ ತೆಗೆದ ಲಿಲ್ಯಾ ಫೋರೆವರ್ ಚಿತ್ರದಲ್ಲಿ ತಾಯಿ ಬಿಟ್ಟುಹೋದ ಹುಡುಗಿಯೊಬ್ಬಳು ಹಂತಹಂತವಾಗಿ ಜಾರುತ್ತಾಳೆ. ಖಾಲಿ ಮನೆ, ಹಸಿವು, ಸ್ನೇಹಿತನೊಬ್ಬನ ಸಿಹಿಮಾತು, ವಿದೇಶದ ಕೆಲಸದ ಆಸೆ, ಆಮೇಲೆ ಹೊರಗಿನಿಂದ ಬೀಗ ಬಿದ್ದ ಬಾಗಿಲು. ಒದ್ದು ತೆರೆಯುವ ಧೀರ ಅಲ್ಲಿ ಬರುವುದಿಲ್ಲ. ನೋಡುಗನಿಗೆ ನಿಟ್ಟುಸಿರಿಡುವ ಅವಕಾಶವಿಲ್ಲ. ಮನೆಗೆ ಮರಳಿದ ಮೇಲೂ ಆ ಹುಡುಗಿ ಬಿಡುವುದಿಲ್ಲ.

ಹಾಗೆಂದು ಸ್ಟೆಡ್ಡನನ್ನು ಹಗುರವಾಗಿ ತೂಗುವುದು ನ್ಯಾಯವಲ್ಲ. ಸಭ್ಯರು ಮಾತನಾಡಲು ಹೇಸುತ್ತಿದ್ದ ಸಂಗತಿಯನ್ನು ಆತ ಮಾತನಾಡಿದ. ಮಾತಿಗೆ ದಂಡವನ್ನೂ ತೆತ್ತ. ಆ ಶಾಸನದಿಂದ ಸಾವಿರಾರು ಹುಡುಗಿಯರಿಗೆ ಮೂರು ವರ್ಷಗಳ ರಕ್ಷಣೆ ದೊರೆಯಿತು. ಆತನ ತಪ್ಪು ಒಂದೇ: ಎಲ್ಲ ಹುಡುಗಿಯರನ್ನೂ ಕಾಣಬೇಕೆಂದು ಹೊರಟವನು ಕೈಯಲ್ಲಿದ್ದ ಒಬ್ಬಳನ್ನು ಕಾಣಲಿಲ್ಲ. ಅವಳನ್ನು ಮೊದಲು ಸಾಕ್ಷ್ಯವಾಗಿಯೂ ಆಮೇಲೆ ಪಾತ್ರವಾಗಿಯೂ ಬಳಸಿದ. ಮನುಷ್ಯಳಾಗಿ ಕಂಡದ್ದು ತೀರ ತಡವಾಗಿ.

ಷಾ 1913ರಲ್ಲಿ ರಂಗಕ್ಕೆ ತಂದ ಪಿಗ್ಮೇಲಿಯನ್ ನಾಟಕದ ನಾಯಕಿಯ ಹೆಸರು ಎಲೈಜಾ. ಅವಳೂ ಲಿಸನ್ ಗ್ರೋವಿನವಳು. ಅವಳ ತಂದೆ ಅವಳನ್ನು ಬಿಟ್ಟುಕೊಡಲು ಪಡೆಯುವುದು ಐದು ಪೌಂಡು. ಪ್ರಯೋಗ ಮುಗಿದ ಮೇಲೆ ತನ್ನ ಗತಿಯೇನೆಂದು ಆ ಎಲೈಜಾ ಕೇಳುತ್ತಾಳೆ. ನಿಜವಾದ ಎಲೈಜಾ ಹಾಗೆ ಕೇಳಿದ್ದರೆ ಅದು ಎಲ್ಲಿಯೂ ಅಚ್ಚಾಗಲಿಲ್ಲ. ಆಕೆ ಲಂಡನ್ನನ್ನು ಬಿಟ್ಟು ಇಂಗ್ಲೆಂಡಿನ ಈಶಾನ್ಯ ಭಾಗಕ್ಕೆ, ಸ್ಟೆಡ್ ಹುಟ್ಟಿ ಬೆಳೆದ ಸೀಮೆಗೇ ಹೋಗಿ ನೆಲಸಿದಳು. ಮದುವೆಯಾದಳು, ಮಕ್ಕಳ ತಾಯಿಯಾದಳು. ಪತ್ರಿಕೆಗಳ ಕಣ್ಣಿಗೆ ಬೀಳದೆ ಬಾಳಿದಳು. ಅವಳ ಕಥೆಯನ್ನು ಬರೆದವನ ಮುಖ ಥೇಮ್ಸ್ ನದಿಯ ದಂಡೆಯ ಗೋಡೆಯ ಮೇಲೆ ಕಂಚಿನಲ್ಲಿದೆ. ಮುಂದೆ ಈ ವಸ್ತುವನ್ನು ಕುರಿತು ಚಿತ್ರ ತೆಗೆಯುವವರು ಆ ಕಂಚಿನ ಮುಖವನ್ನು ನೋಡಿ ಧೈರ್ಯವನ್ನು ಕಲಿಯಲಿ. ಆದರೆ ಕಥೆಯನ್ನು ತೊಡಗುವಾಗ ಲಿಸನ್ ಗ್ರೋವಿನ ಆ ಬಾಗಿಲಲ್ಲಿ, ಹೊಸ ಬಟ್ಟೆ ತೊಟ್ಟು ಕೆಲಸಕ್ಕೆಂದು ಹೊರಟು ನಿಂತ ಹುಡುಗಿಯ ಮುಖವನ್ನು ಮೊದಲು ನೋಡಲಿ.